ಹಸಿರನ್ನು ನಂಬದ ಹರಿಣಾಕ್ಷಿಯಕ್ಕ

ಘನ್ಸೋಲಿ ಸ್ಟೇಷನ್ನಿನ ಹೊರಗೆ ಮಹಾಪೆಗೆ ಹೋಗುವ ಶೇರ್ ರಿಕ್ಷಾಗಳ ಸಾಲು ಈಗಲೂ ಇದೆ. ಅಲ್ಲಿ ನಿಂತಾಗೆಲ್ಲ ನನ್ನ ಕಣ್ಣು ಒಬ್ಬ ಹೆಂಗಸನ್ನು ಹುಡುಕುತ್ತದೆ. ರಿಕ್ಷಾ ಹತ್ತುವ ಮೊದಲು ಪಕ್ಕದ ಕಂಬಿಯನ್ನು ಹಿಡಿದು ಒಮ್ಮೆ ಜೋರಾಗಿ ಜಗ್ಗಿ ನೋಡುವ ಹೆಂಗಸು. “ತೋಡೋಗೀ ಕ್ಯಾ, ಮೌಸೀ?” ಎಂದು ಡ್ರೈವರುಗಳು ರೇಗುತ್ತಿದ್ದರು. “ಟೂಟನಾ ಹೈ ತೋ ಅಭೀ ಟೂಟನೇ ದೋ, ರಾಸ್ತೇ ಮೇ ನಹೀ” ಎಂದು, ಮುರಿಯುವುದಿದ್ದರೆ ದಾರಿಯಲ್ಲಿ ಬೇಡ ಈಗಲೇ ಮುರಿಯಲಿ ಎಂಬಂತೆ ಹೇಳಿ, ಹರಿಣಾಕ್ಷಿಯಕ್ಕ ಆ ಕಂಬಿಯ ಪಕ್ಕಕ್ಕೇ ಕೂತು, ನನ್ನನ್ನು ನಡುವೆ ಕೂರಿಸಿಕೊಳ್ಳುತ್ತಿದ್ದರು.

ನಾನು ಆಗ ಬಸುರಿ. ನಡುವೆ ಕೂತರೂ ಹೆದರಿಕೆ, ಅಂಚಿಗೆ ಕೂತರೂ ಹೆದರಿಕೆ. ಈಗ ಮಗಳು ತೃಷಾ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಾಳೆ, ಹೆದರಿಕೆ ಮಾತ್ರ ನನ್ನೊಂದಿಗೇ ಉಳಿದಿದೆ.

ಹರಿಣಾಕ್ಷಿಯಕ್ಕ ಮಹಾಪೆಯ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ವಿಭಾಗವೆಂದರೆ ಅವರು ಮತ್ತು ನಾನು. ಅವರ ಮನೆ ವಾಗ್ಳೆ ಎಸ್ಟೇಟಿನಲ್ಲಿ, ನನ್ನದು ಕಳವಾ ಎಂಬಲ್ಲಿ. ಠಾಣೆ ಸ್ಟೇಷನ್ನಿನಲ್ಲಿ ಇಬ್ಬರೂ ಸೇರಿ ವಾಶಿ ಕಡೆಯ ಗಾಡಿ ಹಿಡಿಯುತ್ತಿದ್ದೆವು. ಐರೋಲಿ ಬರುವ ಮೊದಲು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಎಲ್ಲರೂ ದುಪಟ್ಟಾ ಮೂಗಿಗೆ ಹಿಡಿದರೆ ಅವರು ಮಾತ್ರ ಉಸಿರೆಳೆದು, “ನಮ್ಮ ಕಡೆ ಅಳಿವೆ ಬಾಗಿಲಲ್ಲಿ ಇದೇ ವಾಸನೆ ಮಾರಾಯ್ತಿ” ಎನ್ನುತ್ತಿದ್ದರು. ಉಡುಪಿಯ ಕಡೆಯ ಆ ಊರಿಗೆ ಅವರು ಹೋಗುತ್ತಿದ್ದುದು ಎಲ್ಲೋ ಒಂದು ಮದುವೆಗೆ, ಒಂದು ಭೂತಕೋಲಕ್ಕೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅಪ್ಪ ಪೂವಪ್ಪನವರ ಹೋಟೆಲಿನ ಹಿಂದಿನ ಕೋಣೆಯಲ್ಲಿ.

ನಮ್ಮ ಕೆಲಸ ಏನೆಂದು ನನ್ನ ಅತ್ತೆಗೆ ವಿವರಿಸಲು ನಾನು ಬಹಳ ಪಾಡುಪಟ್ಟಿದ್ದೇನೆ. ಹುಡುಗರು ಪ್ರೋಗ್ರಾಮ್ ಬರೆಯುತ್ತಾರೆ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಇನ್ನಷ್ಟು ಪುಟ್ಟ ಪ್ರೋಗ್ರಾಮುಗಳನ್ನು ಬರೆಯುತ್ತಾರೆ. ಅವೇ ಟೆಸ್ಟ್‌ಗಳು. ಗುಂಡಿ ಒತ್ತಿದರೆ ಎಲ್ಲ ಟೆಸ್ಟ್‌ಗಳೂ ಸರಸರನೆ ಓಡಿ, ಸರಿ ಇದ್ದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು. ಹಸಿರು ಬಂದರೆ ಉಳಿದವರು ಚಹಾಕ್ಕೆ ಏಳುತ್ತಿದ್ದರು. ಹರಿಣಾಕ್ಷಿಯಕ್ಕ ಮಾತ್ರ ಆಗಲೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

“ಹಸಿರು ಕಂಡ್ರೆ ಖುಷಿ ಪಡುದಲ್ಲ ಶ್ರದ್ಧಾ. ಅದಕ್ಕೆ ಕೆಂಪಾಗ್ಲಿಕ್ಕೆ ಗೊತ್ತುಂಟಾ ಅಂತ ಮೊದ್ಲು ನೋಡುದು.”

ಅವರ ಈ ಚಟದ ಬಗ್ಗೆ ಆಫೀಸಿನಲ್ಲಿ ತಮಾಷೆ ಇತ್ತು. ಆದರೆ ನನಗೆ ಅದು ಅರ್ಥವಾದದ್ದು ಒಂದು ಆಯುಧಪೂಜೆಯ ದಿನ. ಕಂಪ್ಯೂಟರುಗಳಿಗೆಲ್ಲ ಅರಸಿನ ಕುಂಕುಮ ಹಚ್ಚಿ, ಕೀಬೋರ್ಡಿನ ಮೇಲೆ ಚೆಂಡುಹೂ ಇಟ್ಟು, ನಮ್ಮ ಮ್ಯಾನೇಜರ್ ವಿಕಾಸ್ ಸರ್ ಧೂಪ ಹಾಕಿದ್ದರು. ಕಣ್ಣು ಬಿಡಲಾಗದಷ್ಟು ಹೊಗೆ. ಎಲ್ಲರೂ ಕೆಮ್ಮುತ್ತಾ ಪೇಡಾ ತಿನ್ನುತ್ತಿದ್ದರೆ ಹರಿಣಾಕ್ಷಿಯಕ್ಕ ಚಾವಣಿ ನೋಡುತ್ತಾ ನಿಂತಿದ್ದರು. ಅಲ್ಲಿ ಬೆಂಕಿ ಸೂಚನೆಯ ಡಬ್ಬಿ, ಅದರ ಮೇಲೆ ಪುಟ್ಟ ಹಸಿರು ಬಲ್ಬು.

“ಇಷ್ಟು ಹೊಗೆಗೆ ಅದು ಯಾಕೆ ಕೂಗ್ಲಿಲ್ಲ?”

“ಅಕ್ಕಾ, ಒಳ್ಳೇದೇ ಆಯ್ತಲ್ವಾ, ಪೂಜಾ ಶಾಂತಿಯಿಂದ ಮುಗೀತು” ಎಂದರು ವಿಕಾಸ್ ಸರ್.

ಅಕ್ಕ ಕುರ್ಚಿಯ ಮೇಲೆ ಹತ್ತಿ, ಇಡೀ ಕಟ್ಟು ಊದುಬತ್ತಿಯನ್ನು ಡಬ್ಬಿಯ ಮೂಗಿಗೇ ಹಿಡಿದರು. ಡಬ್ಬಿ ಮಿಸುಕಲಿಲ್ಲ. ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಬ್ಯಾಟರಿಯೇ ಇಲ್ಲ! ಯಾರೋ ಗೋಡೆ ಗಡಿಯಾರಕ್ಕೆ ಕಿತ್ತು ಹಾಕಿದ್ದರು. ಹಸಿರು ಬಲ್ಬಿನದು ಬೇರೆ ವೈರು. ಕಟ್ಟಡದಲ್ಲಿ ಕರೆಂಟ್ ಇದೆ ಎಂದಷ್ಟೇ ಅದು ಹೇಳುತ್ತಿತ್ತು. ನಾವು ಅದನ್ನು ನೋಡಿ, ಬೆಂಕಿ ಬಿದ್ದರೆ ತಿಳಿಯುತ್ತದೆ ಎಂದುಕೊಂಡು, ವರ್ಷಗಟ್ಟಲೆ ಅದರ ಕೆಳಗೆ ಊಟದ ಡಬ್ಬಿ ಬಿಚ್ಚಿ ಉಂಡಿದ್ದೆವು. ಆ ದಿನ ಮನೆಗೆ ಬಂದು ನಾನು ಗ್ಯಾಸಿನ ಪೈಪು, ಇಸ್ತ್ರಿಯ ಪ್ಲಗ್ಗು, ಬಾಗಿಲ ಚಿಲಕ ಎಲ್ಲವನ್ನೂ ಮುಟ್ಟಿ ನೋಡಿದೆ. ನನ್ನ ಗಂಡ ಆಕಾಶ, “ಹೆದರಲು ನೀನೊಬ್ಬಳು ಸಾಲದೆಂದು ಈಗ ಗುರುಗಳೂ ಸಿಕ್ಕರು” ಎಂದ.

ಹೆರಿಗೆ ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಿದಾಗ ಆಫೀಸಿನಲ್ಲಿ ಹೊಸ ಕೆಲಸ ಬಂದಿತ್ತು. ಪಾಳಣಾಘರಗಳಿಗಾಗಿ ಒಂದು ಆ್ಯಪ್. ದುಡಿಯುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವ ಮನೆಗಳನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಸಂಜೆ ಗೊತ್ತಾದ ಹೊತ್ತಿಗೆ ಯಾರೂ ಬಂದು ಮಗುವನ್ನು ಕರೆದೊಯ್ಯದಿದ್ದರೆ ತಾಯಿಯ ಫೋನಿಗೆ ಮೆಸೇಜು ಹೋಗಬೇಕು. ತಾಯಿ ಉತ್ತರಿಸದಿದ್ದರೆ ಮನೆಯವರು ಕೊಟ್ಟ ಎರಡನೆಯ ನಂಬರಿಗೆ ಹೋಗಬೇಕು. ಮೊದಲು ಬಳಸಲಿದ್ದವರು ನಮ್ಮ ಮನೆಯ ಹತ್ತಿರವೇ ಪಾಳಣಾಘರ ನಡೆಸುತ್ತಿದ್ದ ನಿಕಿತಾ ಮ್ಯಾಡಮ್. ತೃಷಾಳನ್ನು ನಾನು ಬಿಡುತ್ತಿದ್ದುದು ಅವರಲ್ಲೇ.

ಹಾಗಾಗಿ ನನಗದು ಬರೀ ಆಫೀಸಿನ ಕೆಲಸವಾಗಿರಲಿಲ್ಲ. ನಾನು ಮಹಾಪೆಯಲ್ಲಿ, ಮಗು ಇಲ್ಲಿ. ಗಾಡಿ ನಿಂತರೆ? ನನ್ನ ಫೋನ್ ಸತ್ತರೆ? ಆಕಾಶನ ಕೆಲಸ ಕಲ್ಯಾಣದಾಚೆ, ಪಾಳಿ ಬದಲಾಗುತ್ತಲೇ ಇರುತ್ತಿತ್ತು. ನನ್ನ ಎರಡನೆಯ ನಂಬರು ಅತ್ತೆ ಚಂದವ್ವನವರದು. ಅವರು ವಿಜಯಪುರದ ಕಡೆಯವರು. ಸ್ಟೇಷನ್ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಮಧ್ಯಾಹ್ನ ಇಳಿದ ಮೇಲೆ ಮನೆಗೆ ಬರುತ್ತಿದ್ದರು. ನಾನು ಬರಲಾಗದ ದಿನ ಆ ಎರಡನೆಯ ಮೆಸೇಜು ಅವರಿಗೆ ಮುಟ್ಟುತ್ತದೋ ಇಲ್ಲವೋ? ಇದೊಂದೇ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತ್ತು.

ಆ ಭಾಗ ಬರೆದವನು ರಿತೇಶ್. ಡೊಂಬಿವಲಿಯ ಹುಡುಗ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವುದು ಕಷ್ಟವಿತ್ತು. “ದೀದಿ, ಸಬ್ ಗ್ರೀನ್ ಹೈ. ಟೆನ್ಶನ್ ಮತ್ ಲೋ” ಎಂದು ನನಗೆ ಪರದೆ ತೋರಿಸಿದ. ನಿಜಕ್ಕೂ ಹಸಿರು. ನನಗೆ ಎದೆ ಹಗುರಾಯಿತು.

ಹರಿಣಾಕ್ಷಿಯಕ್ಕ ಬಂದು ಅವನ ಕುರ್ಚಿಯ ಹಿಂದೆ ನಿಂತರು. “ಅಜ್ಜಿಗೆ ಮೆಸೇಜು ಕಳಿಸುವ ಸಾಲು ಯಾವುದು? ಹಾಂ, ಅದೇ. ಅಳಿಸು.”

“ಅಳಿಸ್ಲಾ? ಫಿರ್ ತೋ ಟೂಟ್ ಜಾಯೇಗಾ ಅಕ್ಕಾ.”

“ಮುರೀಲಿಕ್ಕೇ ಹೇಳಿದ್ದು. ಮತ್ತೆ ಸರಿ ಮಾಡುವಾ. ಅಳಿಸು.”

ಅವನು ಅಳಿಸಿದ. ಈಗ ಪ್ರೋಗ್ರಾಮಿನಲ್ಲಿ ಅಜ್ಜಿಗೆ ಮೆಸೇಜು ಕಳಿಸುವ ಮಾತೇ ಇಲ್ಲ. ಗುಂಡಿ ಒತ್ತಿದ. ಟೆಸ್ಟ್‌ಗಳು ಓಡಿದವು. ‘ಎರಡನೆಯ ನಂಬರಿಗೆ ಮೆಸೇಜು ಹೋಯಿತು’ ಎಂಬ ಟೆಸ್ಟಿನ ಮುಂದೆ, ಮೊದಲಿನಂತೆಯೇ, ಹಸಿರು.

ಕಳಿಸದೇ ಇದ್ದರೂ ಹೋಯಿತು ಎನ್ನುತ್ತದೆ!

“ಐಸಾ ಕೈಸಾ?” ರಿತೇಶ್ ಮತ್ತೊಮ್ಮೆ ಒತ್ತಿದ. ಮತ್ತೆ ಹಸಿರು.

“ಪರೀಕ್ಷೆಗೆ ಅಂತ ನೀನು ಸುಳ್ಳು ಅಮ್ಮ, ಸುಳ್ಳು ಅಜ್ಜಿ ಮಾಡಿದಿಯಲ್ಲ, ಅವರ ನಂಬರ್ ತೋರ್ಸು” ಎಂದರು ಅಕ್ಕ.

ತೋರಿಸಿದ. ಅಮ್ಮನ ನಂಬರು, ಅಜ್ಜಿಯ ನಂಬರು, ಎರಡೂ ಅವನದೇ ಮೊಬೈಲಿನ ನಂಬರು. ಮೆಸೇಜು ಬರುವುದನ್ನು ಕಣ್ಣಾರೆ ನೋಡಬೇಕಿತ್ತು, ಕೈಯಲ್ಲಿದ್ದುದು ಒಂದೇ ಫೋನು, ಎಲ್ಲ ಕಡೆ ಅದನ್ನೇ ಹಾಕಿದ್ದ. ಅಮ್ಮನಿಗೆ ಹೋದ ಮೊದಲ ಮೆಸೇಜನ್ನೇ ನೋಡಿ ಟೆಸ್ಟು, ಅಜ್ಜಿಗೂ ಮುಟ್ಟಿತು ಎಂದು ಹೇಳುತ್ತಿತ್ತು.

ರಿತೇಶನ ಕಿವಿ ಕೆಂಪಾಯಿತು. ಅಕ್ಕ ಬಯ್ಯಲಿಲ್ಲ. “ನಮ್ಮ ಹೋಟೆಲಿನದ್ದೇ ಕಥೆ ಇದು” ಎಂದು ಅಲ್ಲೇ ಮೇಜಿನ ಅಂಚಿಗೆ ಒರಗಿದರು.

ಆ ಕಾಲದಲ್ಲಿ ಪೂವಪ್ಪನವರ ಹೋಟೆಲಿನ ಗಲ್ಲಾದ ಮೇಲೆ ಒಂದು ಕಪ್ಪು ಫೋನು. ಊರಿಂದ ಬಂದವರೆಲ್ಲ ಮನೆಗೆ ಕೊಡುತ್ತಿದ್ದುದು ಅದೇ ನಂಬರು. ಅಡುಗೆಯವರು, ಸಪ್ಲೈಯರುಗಳು, ಪಕ್ಕದ ಫ್ಯಾಕ್ಟರಿಯಲ್ಲಿ ದುಡಿಯುವ ಊರಿನವರು ಎಲ್ಲರೂ. ಒಂದು ದಿನ ಹೋಟೆಲಿನ ದೋಸೆಭಟ್ಟರ ತಾಯಿಗೆ ಕಾಯಿಲೆ ತೀರಾ ಜೋರು ಎಂದು ಫೋನು ಬಂತು. ಎತ್ತಿದ್ದು ಗಲ್ಲಾದಲ್ಲಿದ್ದ ಜಯಶೀಲ ಮಾವ. ಅವರು ಒಳಗೆ ಕೂಗಿ ಹೇಳಿದರು. ಒಳಗೆ ಯಾರೋ “ಆಯ್ತು” ಎಂದರು. ಮಾವ ಹೇಳಿ ಆಯಿತೆಂದು ಸುಮ್ಮನಾದರು. ಆಯ್ತು ಎಂದವನು ಭಟ್ಟರೇ ಕೇಳಿಸಿಕೊಂಡರೆಂದು ಸುಮ್ಮನಾದ. ಭಟ್ಟರು ಕಾವಲಿಯ ಸದ್ದಿನಲ್ಲಿ ಏನೂ ಕೇಳದೆ ದೋಸೆ ಹೊಯ್ಯುತ್ತಲೇ ಇದ್ದರು. ಮರುದಿನ ಇನ್ನೊಂದು ಫೋನು ಬಂದಾಗಲೇ ಅವರಿಗೆ ಗೊತ್ತಾದದ್ದು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಅಪ್ಪ ಎಲ್ಲರ ಹತ್ರ ಕೇಳಿದ್ರು, ಫೋನ್ ಮುಟ್ಟಿತ್ತಾ ಇಲ್ವಾ ಅಂತ. ಎಲ್ರೂ ಮುಟ್ಟಿತ್ತು ಅಂದ್ರು. ಸುಳ್ಳಲ್ಲ ಮಾರಾಯ, ಹೋಟೆಲಿಗೆ ಮುಟ್ಟಿತ್ತು! ಅಂದಿನಿಂದ ನಂಗೆ ಮುಟ್ಟಿತು ಅಂದ್ರೆ ಸಾಕಾಗುದಿಲ್ಲ. ಯಾರಿಗೆ ಅಂತ ಕೇಳ್ತೇನೆ.”

ರಿತೇಶ್ ಸುಳ್ಳು ಅಜ್ಜಿಗೆ ಬೇರೆ ನಂಬರು ಕೊಟ್ಟ. ಅಳಿಸಿದ ಸಾಲನ್ನು ಮತ್ತೆ ಬರೆದು ಗುಂಡಿ ಒತ್ತಿದ. ಕೆಂಪು. ಆಗಷ್ಟೇ ನಿಜವಾದ ತಪ್ಪು ಹೊರಗೆ ಬಂತು. ಆ ಸಾಲು ಎರಡನೆಯ ಮೆಸೇಜನ್ನೂ ತಾಯಿಯ ನಂಬರಿಗೇ ಕಳಿಸುತ್ತಿತ್ತು. ನಾನು ಗಾಡಿಯಲ್ಲಿ ಸಿಕ್ಕಿಕೊಂಡ ದಿನ, ನನ್ನ ಸತ್ತ ಫೋನಿಗೆ ಎರಡು ಸಲ ಮೆಸೇಜು ಬರುತ್ತಿತ್ತು, ಅತ್ತೆಗೆ ಒಂದೂ ಇಲ್ಲ. ಅವನು ಸರಿಪಡಿಸಿದ. ಅಕ್ಕ ಮತ್ತೊಮ್ಮೆ ಅಳಿಸಿ ಕೆಂಪಾಗುವುದನ್ನು ನೋಡಿ, ಮತ್ತೆ ಬರೆಸಿ ಹಸಿರಾಗುವುದನ್ನು ನೋಡಿ, ಆಮೇಲೆಯೇ ಚಹಾಕ್ಕೆ ಎದ್ದರು.

ವಿಕಾಸ್ ಸರ್ ಖುಷಿಯಾದರು. “ಅಕ್ಕಾ, ಈಗ ಪಕ್ಕಾ ಅಲ್ವಾ? ಸೋಮವಾರ ಚಾಲೂ ಮಾಡ್ತೇವೆ.”

“ಒಂದು ಸಲ ನಿಜವಾದ ಅಜ್ಜಿ ಹತ್ರ ನೋಡ್ಬೇಕು.”

“ನಿಜವಾದ ಅಜ್ಜಿ ಎಲ್ಲಿಂದ ತರ್ಲಿ? ಅಜ್ಜಿ ಡಿಪಾರ್ಟ್‌ಮೆಂಟ್ ನಮ್ಮಲ್ಲಿಲ್ಲ!”

“ಶ್ರದ್ಧನ ಅತ್ತೆ ಇದ್ದಾರೆ” ಎಂದರು ಅಕ್ಕ. ಸರ್ ಗೊಣಗಿದರು. ಅಕ್ಕನ ಅನುಮಾನಗಳಿಂದ ಹಿಂದೆ ಸುಮ್ಮಸುಮ್ಮನೆ ಕೆಲಸ ತಡವಾದದ್ದೂ ಉಂಟು, ಅದನ್ನೆಲ್ಲ ಎತ್ತಿ ಆಡಿದರು. ಅಕ್ಕ ಜಗ್ಗಲಿಲ್ಲ. ಕೊನೆಗೆ ಶನಿವಾರವೊಂದು ಸಿಕ್ಕಿತು. ಅತ್ತೆಗೆ ಏನೂ ಹೇಳಬಾರದೆಂದು ನನಗೆ ಆಣೆಯಾಯಿತು.

ಶನಿವಾರ ಸಂಜೆ ಅಕ್ಕ, ರಿತೇಶ್, ನಾನು ಮೂವರೂ ನಿಕಿತಾ ಮ್ಯಾಡಮ್ಮಿನ ಪಾಳಣಾಘರದಲ್ಲಿ ಕೂತೆವು. ನಮ್ಮ ಮನೆ ಅಲ್ಲಿಂದ ಎರಡು ಗಲ್ಲಿ ಆಚೆ. ನನ್ನ ಫೋನನ್ನು ಅಕ್ಕ ಆಫ್ ಮಾಡಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಹೊತ್ತು ಮೀರಿತು. ನನಗೆ ಮೆಸೇಜು ಹೋಯಿತು, ಉತ್ತರವಿಲ್ಲ. ಆಮೇಲೆ ಅತ್ತೆಗೆ ಹೋಯಿತು. ರಿತೇಶನ ಲ್ಯಾಪ್‌ಟಾಪಿನಲ್ಲಿ ‘ಮುಟ್ಟಿದೆ’ ಎಂದು ಹಸಿರು ಬಂತು. ಈ ಸಲ ನಿಜವಾದ ನಂಬರು, ನಿಜವಾದ ಹಸಿರು.

ನಾವು ಬಾಗಿಲು ನೋಡುತ್ತಾ ಕೂತೆವು. ತೃಷಾ ನನ್ನ ಮಡಿಲಲ್ಲಿ ಆಡುತ್ತಾ ಆಡುತ್ತಾ ನಿದ್ದೆಹೋದಳು. ಅತ್ತೆ ಬರಲಿಲ್ಲ. ಜಾರಿ ಬಿದ್ದರೇನೋ, ಗಲ್ಲಿಯಲ್ಲಿ ಸ್ಕೂಟರು ಗುದ್ದಿತೇನೋ, ಎದೆನೋವೇನೋ. ಮಗುವನ್ನು ಎತ್ತಿಕೊಂಡು ನಾನೇ ಮನೆಗೆ ಓಡಿದೆ. ಇವರಿಬ್ಬರೂ ಹಿಂದೆ.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಫೋನು ಪಕ್ಕದಲ್ಲೇ ಇತ್ತು.

“ಯಾಕವಾ, ಹಿಂಗ ತೇಕಾಕತ್ತಿ?”

“ಅತ್ತೀ, ಮೆಸೇಜು ಬರ್ಲಿಲ್ಲೇನು?”

“ಬಂತಲ್ಲ. ಟುಂಯ್ ಅಂತು. ನೋಡಿದ್ನಿ, ಇಂಗ್ಲೀಷ. ದಿನಾ ಬರ್ತಾವ ಅಂಥಾವು, ಸಾಲ ತಗೋರಿ, ಪ್ಲಾಟ ತಗೋರಿ ಅಂತ. ಯಾಂವ ಓದ್ತಾನ ಅದನ್ನ?”

ರಿತೇಶ್ ತಲೆಯ ಮೇಲೆ ಕೈಯಿಟ್ಟುಕೊಂಡ. ಹರಿಣಾಕ್ಷಿಯಕ್ಕ ಅತ್ತೆಯ ಎದುರು ನೆಲಕ್ಕೆ ಕೂತು, ತಾವೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಸೋಸತೊಡಗಿದರು.

“ಅಮ್ಮಾ, ಎಂತ ಬಂದ್ರೆ ನೀವು ಎದ್ದು ಓಡಿ ಬರ್ತೀರಿ?”

“ಮನಷ್ಯಾರು ಕರದ್ರ ಬರ್ತೀನಿ. ಡಬ್ಬಿ ಟುಂಯ್ ಅಂದ್ರ ಯಾಕ ಬರ್ಲಿ?” ಎಂದ ಅತ್ತೆಗೆ ಆಗ ಅನುಮಾನ ಬಂತು. ಮೂವರ ಮುಖವನ್ನೂ ನೋಡಿದರು. “ಏನಿದು? ನನಗ ಪರೀಕ್ಷಾ ಇಟ್ಟಿದ್ರೇನು? ನಾ ಬರೂದಿಲ್ಲ ಅಂತ ತಿಳದಿದ್ರೇನು, ನನ್ನ ಮೊಮ್ಮಗಳಿಗೆ?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಕ್ಕ ತಣ್ಣಗೆ ಹೇಳಿದರು: “ಹೌದಮ್ಮ, ಇಟ್ಟಿದ್ವಿ. ನೀವು ಪಾಸು, ನಾವು ಫೇಲು. ಚಾ ಉಂಟಾ?”

ಅತ್ತೆ ನಕ್ಕುಬಿಟ್ಟರು. ಚಹಾ ಮಾತ್ರವಲ್ಲ, ಅವತ್ತು ರಿತೇಶನಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಯೂ ಸಿಕ್ಕಿತು.

ಹೀಗೆ ಎರಡನೆಯ ನಂಬರಿಗೆ ಮೆಸೇಜಿನ ಜಾಗದಲ್ಲಿ, ಮೊದಲೇ ರೆಕಾರ್ಡ್ ಮಾಡಿಟ್ಟ ಮಾತಿನ ಫೋನ್ ಕರೆ ಬಂತು. ಮರಾಠಿಯಲ್ಲಿ ನಿಕಿತಾ ಮ್ಯಾಡಮ್ಮಿನ ಧ್ವನಿ, ಹಿಂದಿಯಲ್ಲಿ ರಿತೇಶನದು, ಕನ್ನಡದಲ್ಲಿ ಹರಿಣಾಕ್ಷಿಯಕ್ಕನದು. ಆಫೀಸಿನ ಚಹಾ ಕೋಣೆಯ ಬಾಗಿಲು ಹಾಕಿ, ಸದ್ದಾಗದಂತೆ ಫ್ರಿಜ್ಜಿನ ಪ್ಲಗ್ಗು ಕಿತ್ತು, ಅವರು ಮಾತು ತುಂಬಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. “ನಮಸ್ಕಾರ. ಮಗು ಇನ್ನೂ ಪಾಳಣಾಘರದಲ್ಲೇ ಉಂಟು. ಹೆದರ್ಬೇಡಿ, ಚೆನ್ನಾಗಿ ಉಂಟು. ಕರ್ಕೊಂಡು ಹೋಗ್ಲಿಕ್ಕೆ ನೀವು ಬನ್ನಿ.” ಹೆದರ್ಬೇಡಿ ಎಂಬುದು ಬೇಡ, ಉದ್ದವಾಗುತ್ತದೆ ಎಂದರು ವಿಕಾಸ್ ಸರ್. “ಅದು ತೆಗ್ದ್ರೆ ನಾನು ಮಾತಾಡುದಿಲ್ಲ” ಎಂದು ಅಕ್ಕ ನನ್ನ ಕಡೆ ನೋಡಿದರು.

ಮುಂದಿನ ಶನಿವಾರ ಮತ್ತೆ ನೋಡಿದೆವು. ಕರೆ ಹೋಗಿ ಸ್ವಲ್ಪ ಹೊತ್ತಿಗೆ ಅತ್ತೆ ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲಲ್ಲಿ ನಿಂತಿದ್ದರು. “ಹರಿಣಾಕ್ಷಿ ಕರದ್ಲು, ಬಂದ್ನಿ” ಎಂದರು. ಅಕ್ಕ ಅಲ್ಲೇ ಇದ್ದುದರಿಂದ ಅದು ಯಂತ್ರ ಎಂದು ಅವರಿಗೆ ಹೊಳೆಯಲಿಲ್ಲ. ನಾವೂ ಹೇಳಲಿಲ್ಲ. ಕೊನೆಯ ಗಳಿಗೆಯಲ್ಲಿ, ಬರುವುದು ಖಚಿತವೆಂದು ತಿಳಿಯಬೇಕಲ್ಲ ಎಂದು ವಿಕಾಸ್ ಸರ್, “ಬರ್ತೀರಿ ಅಂತಾದ್ರೆ ಒಂದು ಒತ್ತಿ” ಎಂಬ ಮಾತನ್ನೂ ಅಕ್ಕನಿಂದ ಹೇಳಿಸಿ ಸೇರಿಸಿದರು. ಒತ್ತುವವರೆಗೆ ಕರೆ ಮತ್ತೆ ಮತ್ತೆ ಹೋಗುತ್ತಿರಬೇಕು, ಪಾಳಣಾಘರದ ಪರದೆಯಲ್ಲಿ ಮಗುವಿನ ಹೆಸರು ಕೆಂಪಾಗಿಯೇ ಇರಬೇಕು. ಸೋಮವಾರ ಆ್ಯಪ್ ಚಾಲೂ ಆಯಿತು.

ಆ ದಿನಗಳು ಮುಗಿದುಹೋದದ್ದು ಯಾವಾಗ ಎಂದು ಹೇಳಲು ಬರುವುದಿಲ್ಲ. ಕಂಪನಿಯನ್ನು ದೊಡ್ಡವರು ಯಾರೋ ಕೊಂಡರು, ಮಹಾಪೆಯ ನಮ್ಮ ಮಹಡಿ ಖಾಲಿಯಾಯಿತು. ರಿತೇಶ್ ಪುಣೆಗೆ ಹೋದ. ಪೂವಪ್ಪನವರಿಗೆ ಮೈಯಲ್ಲಿ ಹುಷಾರಿಲ್ಲದಾಗಿ ಹರಿಣಾಕ್ಷಿಯಕ್ಕ ಕೆಲಸ ಬಿಟ್ಟು, ವಾಗ್ಳೆ ಎಸ್ಟೇಟಿನ ಮನೆಯನ್ನೂ ಬಿಟ್ಟು, ಅಪ್ಪನೊಂದಿಗೆ ಡೊಂಬಿವಲಿಗೆ ಹೋದರು. ನಾನು ಅದೇ ಮಹಾಪೆಯಲ್ಲಿ ಬೇರೆ ಕಂಪನಿಗೆ ಸೇರಿದೆ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು. ಈಗ ಗಾಡಿಯಲ್ಲಿ ಖಾಡಿಯ ವಾಸನೆ ಬಂದಾಗ ನಾನು ಮೂಗು ಮುಚ್ಚಿಕೊಳ್ಳುವುದಿಲ್ಲ.

ಮೊನ್ನೆ ಸಂಜೆ ಮನೆಗೆ ಬರುವಾಗ ರಬಾಳೆ ದಾಟಿದ ಮೇಲೆ ಗಾಡಿ ನಿಂತಿತು. ಮೇಲಿನ ವೈರು ಹರಿದಿದೆ ಎಂದರು. ಜನ ಇಳಿದು ಹಳಿಯ ಮೇಲೆ ನಡೆಯತೊಡಗಿದರು. ನನ್ನ ಫೋನು ಆಫೀಸಿನಿಂದ ಹೊರಡುವಾಗಲೇ ಕೊನೆಯುಸಿರಿನಲ್ಲಿತ್ತು, ಅಲ್ಲಿ ಸತ್ತಿತು. ಪಕ್ಕದವಳ ಫೋನು ಕೇಳಿ ಪಡೆದರೆ ನನಗೆ ಅತ್ತೆಯ ನಂಬರು ನೆನಪಾಗದು. ಯಾರದೂ ನೆನಪಾಗದು. ತೃಷಾ ಈಗ ಶಾಲೆ ಬಿಟ್ಟ ಮೇಲೆ ಹೋಗುವುದು ಅದೇ ನಿಕಿತಾ ಮ್ಯಾಡಮ್ಮಿನಲ್ಲಿಗೆ. ಇಷ್ಟು ವರ್ಷ ನಾನು ತಡವಾದರೂ ಮೊದಲ ಮೆಸೇಜಿಗೇ ಉತ್ತರ ಕೊಟ್ಟುಬಿಡುತ್ತಿದ್ದೆ. ಎರಡನೆಯ ಕರೆಯ ಅಗತ್ಯ ಒಮ್ಮೆಯೂ ಬಿದ್ದಿರಲಿಲ್ಲ. ಅದು ಈಗಲೂ ಹೋಗುತ್ತದೆಯೇ? ಹೊಸ ಮಾಲೀಕರು ಅದನ್ನು ತೆಗೆದುಹಾಕಿದ್ದರೆ? ಚಪ್ಪಲಿಗೆ ಜಲ್ಲಿ ಚುಚ್ಚುತ್ತಿದ್ದರೂ ಹಳಿಯ ಪಕ್ಕ ಓಡಿದೆ. ಐರೋಲಿಯಲ್ಲಿ ರಿಕ್ಷಾದವನ ಕಾಲು ಹಿಡಿಯುವುದೊಂದು ಬಾಕಿ. ವಿಟಾವಾದ ಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ಕೂತು ಅತ್ತುಬಿಟ್ಟೆ. ಹತ್ತುವ ಮುನ್ನ ಕಂಬಿ ಜಗ್ಗಿ ನೋಡಿದ್ದೆನೋ ಇಲ್ಲವೋ ಎಂದೂ ಯೋಚನೆ ಬಂತು.

ಮನೆಯ ಬಾಗಿಲು ತೆರೆದರೆ ತೃಷಾ ಅನ್ನಸಾರು ಉಣ್ಣುತ್ತಾ ಕೂತಿದ್ದಾಳೆ. ಅತ್ತೆ ನನ್ನ ಮುಖ ನೋಡಿ ನೀರು ತಂದರು.

“ಹರಿಣಾಕ್ಷಿ ಫೋನ್ ಮಾಡಿದ್ಲವಾ. ಎಷ್ಟ ದಿನಾ ಆಗಿತ್ತು ಆಕಿ ದನಿ ಕೇಳಿ! ಹ್ಯಾಂಗ ಅದಿಯವ್ವಾ, ಅಪ್ಪಾರು ಹ್ಯಾಂಗ ಅದಾರ ಅಂತ ಕೇಳಿದ್ನಿ. ಒಂದಕ್ಕೂ ಉತ್ತರ ಇಲ್ಲ. ಮಗು ಅಲ್ಲೇ ಉಂಟು, ಹೆದರ್ಬೇಡಿ, ಬನ್ನಿ ಅಂದ್ಲು. ಬಾಳ ಗಡಿಬಿಡಿಯಾಗ ಇದ್ಲು, ಪಾಪ.”

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಫೋನು ಚಾರ್ಜಿಗೆ ಹಾಕಿದವಳೇ ಡೊಂಬಿವಲಿಯ ಅಕ್ಕನಿಗೆ ಕರೆ ಹಚ್ಚಿದೆ. ಎಷ್ಟೋ ತಿಂಗಳ ಮೇಲೆ ಮಾತಾಡುತ್ತಿದ್ದರೂ ನಮಸ್ಕಾರವಿಲ್ಲ, ಕ್ಷೇಮವಿಲ್ಲ. ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ ಅಕ್ಕ ಕೇಳಿದರು: “ಒಂದು ಒತ್ತಿದ್ರಾ?”

“ಅತ್ತೀ, ಒಂದು ಒತ್ತಿದ್ರೇನು?”

“ಏನ ಒತ್ತೂದು? ಬರ್ತೀನಿ ಅಂತ ಬಾಯಿಲೆ ಹೇಳೀನಲ್ಲ. ಆದ್ರೂ ಮತ್ತ ಮತ್ತ ಮಾಡಿದ್ಲು. ತೃಷಾನ ಕೈ ಹಿಡಕೊಂಡು ಬರಾಕತ್ತಿದ್ನಿ, ಆಗೂ ಮಾಡಿದ್ಲು. ಕರಕೊಂಡು ಹೊಂಟೀನಿ ತಂಗೀ, ಎಷ್ಟ ಸಲ ಹೇಳ್ಲಿ, ಅಂದ್ನಿ.”

ಅದನ್ನು ಕೇಳಿಸಿಕೊಂಡ ಹರಿಣಾಕ್ಷಿಯಕ್ಕ ಆ ಕಡೆ ನಗತೊಡಗಿದರು. ಮಹಾಪೆಯ ಚಹಾ ಕೋಣೆಯ ಆ ದೊಡ್ಡ ನಗು. “ಅಯ್ಯೋ ದೇವ್ರೇ, ಒತ್ತುದನ್ನು ನಾವು ನಿನ್ನ ಅತ್ತೆ ಹತ್ರ ನೋಡ್ಲೇ ಇಲ್ಲ ಅಲ್ವಾ! ಮಗು ಮನೆಯಲ್ಲಿ ಊಟ ಮಾಡ್ತಾ ಉಂಟು, ಅಲ್ಲಿ ಪರದೆ ಮೇಲೆ ಈಗ್ಲೂ ಕೆಂಪು ಇರ್ತದೆ ಮಾರಾಯ್ತಿ!” ಹಿಂದೆ ಪೂವಪ್ಪನವರು ಯಾರದು ಫೋನು ಎಂದು ತುಳುವಿನಲ್ಲಿ ಕೇಳುತ್ತಿದ್ದರು.

ಅಷ್ಟರಲ್ಲಿ ಅತ್ತೆಯ ಫೋನು ಮತ್ತೆ ಹೊಡೆದುಕೊಂಡಿತು. ಅವರು ಎತ್ತಿ ಕಿವಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು. “ನೋಡು, ಮತ್ತ ಹರಿಣಾಕ್ಷಿ. ನಿನ್ನ ಕೂಡ ಮಾತಾಡ್ಕೋತ ನನಗೂ ಹ್ಯಾಂಗ ಮಾಡಾಕತ್ತಾಳ ಈಕಿ?”